ಈಬತ್ತಿ ಇಲ್ಲದ ಪೆಟ್ಟಿಗೆ

“ಮುಟ್ಟಬೇಡಿ ಮ್ಯಾಡಮ್. ಚೀಲದ ಮೇಲಿಂದಲೇ ನೋಡಿ,” ಎಂದು ಇನ್‌ಸ್ಪೆಕ್ಟರ್ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ನನ್ನತ್ತ ತಳ್ಳಿದ. ಅವನದು ಮರಾಠಿ. ನಿಮಗಾಗಿ ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ, ಅದರಲ್ಲಿದ್ದ ಅಸಡ್ಡೆಯನ್ನು ಮಾತ್ರ ಹಾಗೇ ಉಳಿಸಿದ್ದೇನೆ.

ಚೀಲದಲ್ಲಿ ಅಂಗೈಯಗಲದ ಕಪ್ಪು ಪೆಟ್ಟಿಗೆ. ಕೊರಳಿಗೆ ಹಾಕಿಕೊಳ್ಳಲು ಪಟ್ಟಿ, ಮುಂದೆ ಜಾಲರಿಯ ಸಣ್ಣ ಕಿಂಡಿ. ಹೆಸರು ‘ಶ್ವಾಸ’. ಗಟಾರಕ್ಕೆ ಇಳಿಯುವವರ ಕೊರಳಲ್ಲಿ ಇದು ಇರಬೇಕು, ವಿಷಗಾಳಿ ತಾಗಿದ ಕೂಡಲೇ ಕೂಗಬೇಕು. ಕಳೆದ ವಾರ, ದಸರೆಯ ಮರುದಿನ, ಇದನ್ನು ಹಾಕಿಕೊಂಡೇ ಅಭಿಲಾಷ ಎಂಬ ಎಂಜಿನಿಯರಿಂಗ್ ಹುಡುಗ ತನ್ನ ವಿಶ್ವವಿದ್ಯಾಲಯದ ಹಳೇ ಹಾಸ್ಟೆಲಿನ ಹಿಂದಿರುವ ಮಲದ ಟ್ಯಾಂಕಿಗೆ ಇಳಿದು ಸತ್ತಿದ್ದ.

ಅವನ ಸೋದರಮಾವ ಬೆಂಗಳೂರಿನ ಮ್ಯಾನ್‌ಹೋಲಿನಲ್ಲಿ ಸತ್ತವನು. ಆ ಸಂಕಟಕ್ಕೇ ಹುಡುಗ ಈ ಪೆಟ್ಟಿಗೆಯ ಕನಸು ಕಂಡಿದ್ದ. ಈಗ ಪತ್ರಿಕೆಯವರು ‘ತನ್ನದೇ ಆವಿಷ್ಕಾರಕ್ಕೆ ಬಲಿ’ ಎಂದು ತಲೆಬರಹ ಕೊಟ್ಟು ಚಹಾ ಕುಡಿಯುತ್ತಿದ್ದಾರೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಪೆಟ್ಟಿಗೆ ಕಟ್ಟಿದವಳು ಈ ಹುಡುಗಿ,” ಎಂದು ಇನ್‌ಸ್ಪೆಕ್ಟರ್ ಬೆಂಚಿನ ಕಡೆ ಗದ್ದದಿಂದ ತೋರಿಸಿದ. “ಪೆಟ್ಟಿಗೆ ಕೂಗಲಿಲ್ಲ. ಹುಡುಗ ಸತ್ತ. ಸಂಜೆ ಐದಕ್ಕೆ ವಿಶ್ವವಿದ್ಯಾಲಯದ ವಿಚಾರಣಾ ಸಮಿತಿ ವರದಿ ಕೊಡುತ್ತೆ. ಇವಳ ನಿರ್ಲಕ್ಷ್ಯ ಅಂತ ಅದರಲ್ಲಿ ಬಂದರೆ ನಾನು ಅರೆಸ್ಟ್ ಮಾಡಬೇಕು. ಇದರಲ್ಲಿ ಪತ್ತೇದಾರರಿಗೆ ಏನು ಕೆಲಸ?”

ಪತ್ತೇದಾರರು ಅಂದರೆ ನಾನು, ಮಂಜರಿ ಹಾಲಭಾವಿ. ಪುಣೆಯಲ್ಲಿ ಹುಟ್ಟಿದ ಕನ್ನಡದವಳು. ಮದುವೆ ಗಂಡುಗಳ ಗುಟ್ಟು ಹುಡುಕಿ ಹೊಟ್ಟೆ ಹೊರೆಯುತ್ತೇನೆ. ಈ ಪ್ರಕರಣ ನನ್ನ ಅಳತೆಗೆ ದೊಡ್ಡದು ಎಂದು ಇನ್‌ಸ್ಪೆಕ್ಟರ್ ಮೊದಲ ದಿನವೇ ಹೇಳಿದ್ದ. ಅವತ್ತಿನಿಂದ ನನಗೆ ಹಟ ಹತ್ತಿದೆ.

ಬೆಂಚಿನ ಮೇಲೆ ಅಭಿಲಾಷನ ತಂಡದ ಶೈಲಶ್ರೀ ಕೂತಿದ್ದಳು. ಪಕ್ಕದಲ್ಲಿ ಅವಳ ತಾಯಿ ಚನ್ನಬಸವ್ವ. ಭವಾನಿ ಪೇಠೆಯಲ್ಲಿ ಅವರದು ಬೆಲ್ಲದ ಅಂಗಡಿ. ನಮ್ಮ ಮನೆಗೂ ಬೆಲ್ಲ ಅಲ್ಲಿಂದಲೇ ಬರುವುದು. ನನ್ನನ್ನು ಕರೆಸಿದವರು ಅವರೇ.

ಹುಡುಗಿಯ ಬಲಗೈ ಹೆಬ್ಬೆರಳು ಸುಮ್ಮನಿರಲಿಲ್ಲ. ದುಪಟ್ಟಾದ ಅಂಚನ್ನು ತೋರುಬೆರಳಿಗೆ ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ತಾಯಿ ಆ ಕೈಯನ್ನು ಬಿಡಿಸಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

“ಸುಮ್ನ ಇಡವ್ವ ಕೈ. ಒಂದ ವಾರದಿಂದ ಇದ ಹಚ್ಚೀದಿ.”

ನಾನು ಮತ್ತೆ ಪೆಟ್ಟಿಗೆ ನೋಡಿದೆ. ಕಿಂಡಿಯ ಮೇಲ್ಗಡೆ ಅರಿಷಿಣದ ಒಂದು ಬೊಟ್ಟು, ಅದರ ಪಕ್ಕ ಕುಂಕುಮದ ಒಂದು ಬೊಟ್ಟು. ದಸರೆಯಲ್ಲವೇ, ಯಂತ್ರಕ್ಕೆ ಪೂಜೆ ಆಗಿದೆ ಎಂದು ನೋಡಿದವರೆಲ್ಲ ಸುಮ್ಮನಾಗಿದ್ದರು. ನಾನೂ ಮೂರು ದಿನದಿಂದ ಫೋಟೋದಲ್ಲಿ ನೋಡಿ ಸುಮ್ಮನೇ ಇದ್ದೆ. ಇವತ್ತು ಮಾತ್ರ ಕಣ್ಣು ಅಲ್ಲೇ ಕಚ್ಚಿಕೊಂಡಿತು.

“ಶೈಲಾ, ಖಂಡೇನವಮಿ ದಿನ ಲ್ಯಾಬಿನ್ಯಾಗ ಪೂಜಿ ಯಾರು ಮಾಡಿದ್ರು?”

“ನಾನ ಮಾಡೀನ್ರಿ ಅಕ್ಕಾರ.”

“ಪೆಟಗಿಗೆ ಏನೇನ ಹಚ್ಚಿದಿ?”

“ಮನ್ಯಾಗ ಹಚ್ಚಿದಂಗರಿ. ಮೊದಲ ಮೂರ ಬಟ್ಟ ಈಬತ್ತಿ ಎಳದೆ. ನಡುವ ಕುಂಕುಮ ಇಟ್ಟೆ.”

“ಅರಿಷಿಣ?”

ಅವಳು ಆ ದಿನ ಮೊದಲ ಸಲ ತಲೆ ಎತ್ತಿದಳು. “ಪೆಟಗಿಗೆ ಯಾಕ್ರಿ ಅರಿಷಿಣಾ?”

ನಾನು ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಈಬತ್ತಿಯ, ಅಂದರೆ ವಿಭೂತಿಯ, ಒಂದು ಗೆರೆಯೂ ಇರಲಿಲ್ಲ, ಬೂದಿಯ ಒಂದು ಕಣವೂ ಇರಲಿಲ್ಲ. ನಮ್ಮ ಮನೆಗಳಲ್ಲಿ ತಕ್ಕಡಿಗೆ ಪೂಜೆ ಮಾಡಲಿ, ತಿಜೋರಿಗೆ ಮಾಡಲಿ, ಮೊದಲು ಈಬತ್ತಿ, ಆಮೇಲೆ ಉಳಿದದ್ದು. ಈ ಪೆಟ್ಟಿಗೆಗೆ ಬೊಟ್ಟು ಇಟ್ಟ ಕೈ ಶೈಲಶ್ರೀಯದಲ್ಲ.

“ಇದ್ದ ಎಲ್ಲಾ ಪೆಟಗಿಗೂ ನೀನ ಹಚ್ಚಿದಿ?”

“ಇಲ್ರಿ. ಒಂದಕ್ಕ ಹಚ್ಚಲಿಲ್ಲ.”

“ಯಾಕ?”

ಹೆಬ್ಬೆರಳು ತಾಯಿಯ ತೊಡೆಯ ಮೇಲೇ ಮತ್ತೆ ಆಡತೊಡಗಿತು. “ಅದಕ್ಕ ಜೀವಾ ಇಲ್ರಿ.”

“ಸಾಕವ್ವ,” ಎಂದು ಚನ್ನಬಸವ್ವ ನಡುವೆ ಬಂದರು. “ಏನರೆ ಮಾತಾಡಿ ಮತ್ತ ಸಿಗಬೀಳಬ್ಯಾಡ. ಮಂಜರಿ ಅವರ, ಇಕಿ ಒಬ್ಬಾಕಿನ ನನಗ ಇರೂದು. ನೀವು ಏನರೆ ಮಾಡ್ರಿ, ಸಂಜೀಕ ನನ್ನ ಮಗಳ್ನ ನನ್ನ ಕೂಡ ಮನೀಗೆ ಕಳಸ್ರಿ.”

ಕಳಿಸುತ್ತೇನೆ ಎಂದೆ. ಹೀಗೆ ಮಾತು ಕೊಡುವ ಚಟ ನನಗೆ ಯಾವತ್ತಿಗೂ ಒಳ್ಳೆಯದು ಮಾಡಿಲ್ಲ.

* * *

ಐಟಿ ಕಂಪನಿಗಳ ಹಿಂಜವಾಡಿಗೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಕ್ಯಾಬುಗಳ ಸಾಲಿನ ನಡುವೆ ದಾರಿ ಮಾಡಿಕೊಂಡು ಚಹಾದ ಗಾಡಿ ಹುಡುಕಿದೆ. ಅಶ್ವಿನ್ ಅಲ್ಲಿಗೇ ಬರಹೇಳಿದ್ದ.

ಅಶ್ವಿನ್ ಮೈಸೂರಿನವನು, ಇಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಕೆಲಸ. ಶನಿವಾರ, ರವಿವಾರ ವಿಶ್ವವಿದ್ಯಾಲಯದ ನವೋದ್ಯಮ ಕೇಂದ್ರಕ್ಕೆ ಹೋಗಿ ಅಭಿಲಾಷ, ಶೈಲಶ್ರೀಯಂಥ ವಿದ್ಯಾರ್ಥಿಗಳಿಗೆ ಕಂಪನಿ ಕಟ್ಟುವುದು ಹೇಗೆ ಎಂದು ಹೇಳಿಕೊಡುತ್ತಾನೆ. ಮೆಂಟರ್ ಅಂತೆ. ಬೀದಿಗೆರಡು ಮೆಂಟರ್‌ಗಳು ಈಗ ಈ ಊರಲ್ಲಿ.

ನಾನು ಹೋದಾಗ ಅವನು ಚಹಾದವನ ಮುಂದೆ ಫೋನ್ ಹಿಡಿದು ನಿಂತಿದ್ದ. ಮೇಲಿನಿಂದ ಚಹಾ ಸುರಿಯುವುದನ್ನು ವಿಡಿಯೋ ಮಾಡುತ್ತಿದ್ದ.

“ಏಕ್ ಬಾರ್ ಔರ್, ಭಯ್ಯಾ. ಇನ್ನೊಂದ್ ಸಲ. ಸ್ವಲ್ಪ ಮೇಲಿಂದ.” ಚಹಾದವನು ಮುಖ ಗಂಟಿಕ್ಕಿಕೊಂಡು ಮತ್ತೆ ಸುರಿದ. “ಸೂಪರ್. ಹೇಳಿ ಮ್ಯಾಮ್, ಕೂತ್ಕೊಳ್ಳಿ.”

“ಶೈಲಶ್ರೀ ಪೂಜೆ ಮಾಡದೆ ಬಿಟ್ಟ ಪೆಟ್ಟಿಗೆ ಯಾವುದು?”

ಅವನು ಒಂದು ಗುಟುಕು ಕುಡಿದ. ಲೆಕ್ಕ ಹಾಕುತ್ತಿದ್ದ. ಎಷ್ಟು ಹೇಳಿದರೆ ತನಗೆ ಕ್ಷೇಮ ಎನ್ನುವ ಲೆಕ್ಕ ಅವನ ಮುಖದಲ್ಲೇ ನಡೆಯುತ್ತಿತ್ತು.

“ಅದು ಡೆಮೊ ಪೀಸ್ ಮ್ಯಾಮ್. ಒಳಗೆ ಸೆನ್ಸರ್ ಇರಲ್ಲ. ಒಂದು ಬ್ಯಾಟರಿ, ಒಂದು ಬಝರ್, ಅಷ್ಟೇ. ಪಕ್ಕದಲ್ಲಿ ಒಬ್ಬರು ರಿಮೋಟ್ ಇಟ್ಕೊಂಡಿರ್ತಾರೆ. ಒತ್ತಿದ್ರೆ ಕೂಗುತ್ತೆ.”

“ಅಂದ್ರೆ ಗಾಳಿ ಕೆಟ್ಟಿದ್ದರೂ ಅದಕ್ಕೆ ಗೊತ್ತಾಗೋದಿಲ್ಲ.”

“ಅದು ಗಾಳಿ ನೋಡೋಕಲ್ಲ ಮ್ಯಾಮ್, ಸ್ಟೇಜಿಗೆ. ನಿಜವಾದ ಪೀಸ್ ವರ್ಕ್ ಆಗುತ್ತೆ. ಆದ್ರೆ ಯಾವಾಗ ಕೂಗುತ್ತೆ ಅಂತ ಹೇಳೋಕಾಗಲ್ಲ. ಪೂಜೆ ದಿನ ಊದುಬತ್ತಿ ಹೊಗೆಗೇ ಕಿರುಚ್ಕೊಂಡ್ಬಿಡ್ತು. ಎಲ್ಲ ನಕ್ಕಿದ್ದೇ ನಕ್ಕಿದ್ದು. ಡೆಮೊ ನೋಡೋಕೆ ಬಂದ ಮಂತ್ರಿ ಮುಂದೆ ಹಾಗಾಗಿದ್ರೆ?”

“ಅದಕ್ಕೆ ಮಂತ್ರಿಯ ಮುಂದೆ ಸುಳ್ಳು ಪೆಟ್ಟಿಗೆ.”

“ಸುಳ್ಳು ಅಂತಲ್ಲ. ಆಮೇಲೆ ಹೆಂಗೂ ನಿಜ ಆಗೋದೇ ಅಲ್ವಾ? ಎಲ್ಲಾ ಸ್ಟಾರ್ಟಪ್ಪೂ ಹೀಗೇ ಶುರುವಾಗೋದು. ನಾನೇ ಅವರಿಗೆ ಹೇಳ್ಕೊಟ್ಟಿದ್ದು.” ಆ ಮಾತನ್ನು ಅವನು ಹೆಮ್ಮೆಯಿಂದಲೇ ಹೇಳಿದ.

ನನ್ನ ಕೈಯಲ್ಲಿದ್ದ ಚಹಾ ಅವನ ಬಿಳಿ ಶೂ ಮೇಲೆ ಚೆಲ್ಲಿಬಿಡಲೇ ಅನ್ನಿಸಿತು. ಚೆಲ್ಲಲಿಲ್ಲ. ಇನ್ನೂ ಕೇಳುವುದಿತ್ತು.

“ರಿಮೋಟ್ ಎಷ್ಟು ದೂರದಿಂದ ಕೆಲಸ ಮಾಡುತ್ತೆ?”

“ಹತ್ರಾನೇ ಇರಬೇಕು. ಒಂದು ರೂಮಿನಷ್ಟು ದೂರ.”

“ಯಾರು ಒತ್ತೋದು?”

“ಹರ್ಷದಾ ಮ್ಯಾಮ್ ಕಣ್ಸನ್ನೆ ಮಾಡಿದಾಗ ಒತ್ತೋದು. ಡೈರೆಕ್ಟರ್ ಅಲ್ವಾ, ಡೆಮೊ ದಿನ ಎಲ್ಲ ಅವರದೇ ಕಂಟ್ರೋಲ್.”

ಹರ್ಷದಾ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಉಳಿದದ್ದು ನನಗೆ ಬೇಡವಾಯಿತು. ಡಾ. ಹರ್ಷದಾ ಟೆಂಬೇಕರ್, ನವೋದ್ಯಮ ಕೇಂದ್ರದ ಡೈರೆಕ್ಟರ್. ಹುಡುಗಿಯ ಮೇಲೆ ದೂರು ಬರೆದುಕೊಟ್ಟವಳು ಅವಳೇ. ಮರಾಠಿ ಮನೆಯವಳು, ಅರಿಷಿಣ, ಕುಂಕುಮ ಜೊತೆಗೇ ಇಡುವ ಕೈ.

“ಅವತ್ತು ನೀವು ಎಲ್ಲಿದ್ರಿ?” ಎಂದು ಏಳುತ್ತ ಕೇಳಿದೆ.

“ಆಫೀಸಲ್ಲಿ. ಡೆಮೊ ಪೀಸ್ ವಿಷಯ ಪೊಲೀಸರಿಗೆ ಹೇಳ್ತೀರಾ ಮ್ಯಾಮ್?”

“ಹೇಳದೆ ಬಿಡ್ತೀನಾ? ಸಂಜೆಯೊಳಗೆ ಆ ಹುಡುಗಿ ಮನೆಗೆ ಹೋಗ್ತಾಳೆ. ನೀವು ಸುಳ್ಳು ಹೇಳ್ಕೊಟ್ಟವರು ನಿಮ್ಮ ಪಾಡು ನೋಡ್ಕೊಳ್ಳಿ.”

ಅವನು ಫೋನನ್ನು ಜೇಬಿಗೆ ಹಾಕಿಕೊಂಡು, ನನ್ನ ಆಟೋ ಹೊರಡುವವರೆಗೂ ಅಲ್ಲೇ ನಿಂತಿದ್ದ.

* * *

ನವೋದ್ಯಮ ಕೇಂದ್ರದ ಗೋಡೆಗಳಿಗೆ ಮಾತು ಬಹಳ. ‘ಬೀಳು, ಏಳು, ಮತ್ತೆ ಬೀಳು’ ಎಂದು ಮರಾಠಿಯಲ್ಲಿ ಆಳೆತ್ತರದ ಅಕ್ಷರಗಳು. ಅದರ ಕೆಳಗೇ ಅಭಿಲಾಷನ ಫೋಟೋ, ಹಾರ. ಬುದ್ಧಿಯಿದ್ದ ಯಾರೂ ಆ ಫೋಟೋವನ್ನು ಅಲ್ಲಿ ಹಾಕುತ್ತಿರಲಿಲ್ಲ.

ಹರ್ಷದಾ ಮೇಜಿನ ಹಿಂದೆ ಕೂತಿದ್ದಳು. ಹತ್ತಿ ಸೀರೆ, ಚೊಕ್ಕವಾಗಿ ಬಾಚಿದ ತಲೆ. ಅವಳ ಮುಂದೆ ಒಂದು ಹೊಸ ಕರಪತ್ರ: ಅಭಿಲಾಷನ ಹೆಸರಿನಲ್ಲಿ ವರ್ಷಕ್ಕೊಂದು ಯುವ ನವೋದ್ಯಮಿ ಪ್ರಶಸ್ತಿ.

“ಹುಡುಗನ ಕಾರ್ಯ ಆದರೂ ಮುಗಿಯಿತೇ?” ಎಂದೆ.

“ದುಃಖವನ್ನು ಸುಮ್ಮನೆ ಇಟ್ಟುಕೊಂಡು ಕೂರಬಾರದು ಮಂಜರಿಬಾಯಿ. ಅದರಿಂದ ಏನಾದರೂ ಕಟ್ಟಬೇಕು. ವಿದ್ಯಾರ್ಥಿಗಳಿಗೆ ನಾವು ಕಲಿಸುವುದೇ ಅದು.”

ಚೀಲದಲ್ಲಿ ನನ್ನ ಫೋನ್ ರೆಕಾರ್ಡ್ ಮಾಡುತ್ತಿತ್ತು. ಅವಳ ಬೆನ್ನ ಹಿಂದಿನ ಗೂಡಿನಲ್ಲಿ ಗಣಪತಿ, ಅದರ ಮುಂದೆ ಅರಿಷಿಣ–ಕುಂಕುಮದ ಜೋಡಿ ಬಟ್ಟಲು. ನಾನು ಎದ್ದು ಹೋಗಿ ಆ ಬಟ್ಟಲನ್ನು ತಂದು ಕರಪತ್ರದ ಮೇಲೆ ಇಟ್ಟೆ.

“ಇದರಿಂದ ಇಟ್ಟಿರಾ?”

“ಏನನ್ನು?”

“ಸತ್ತ ಹುಡುಗನ ಪೆಟ್ಟಿಗೆಗೆ ಬೊಟ್ಟು.”

“ಪೂಜೆ ಮಾಡಿದ್ದು ಶೈಲಶ್ರೀ. ಇಡೀ ಕೇಂದ್ರ ನೋಡಿದೆ.”

“ಹೌದು. ಲ್ಯಾಬಿನಲ್ಲಿ ಉಳಿದ ಪೆಟ್ಟಿಗೆಗಳನ್ನು ಈಗಷ್ಟೇ ನೋಡಿಕೊಂಡು ಬಂದೆ. ಒಂದೊಂದರ ಮೇಲೂ ಬೂದಿಯ ಮೂರು ಗೆರೆ, ನಡುವೆ ಕುಂಕುಮ. ಅರಿಷಿಣ ಎಲ್ಲೂ ಇಲ್ಲ. ಅವಳು ಲಿಂಗಾಯತರ ಮನೆ ಹುಡುಗಿ. ನಿಮ್ಮ ಪದ್ಧತಿ ಅವಳದಲ್ಲ. ನಿಮಗೆ ಅದು ಹೊಳೆಯಲೇ ಇಲ್ಲ, ಪಾಪ.”

ಅವಳು ಬಟ್ಟಲಿನ ಕಡೆ ನೋಡಿದಳು. ಮುಖದಲ್ಲಿ ಭಯವಿರಲಿಲ್ಲ, ಬೇಸರವಿತ್ತು. ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆಗೆ ತಪ್ಪು ಬರೆದ ಜಾಣ ವಿದ್ಯಾರ್ಥಿಯ ಬೇಸರ ಅದು.

“ಬೊಟ್ಟು ಇಟ್ಟರೆ ಅಪರಾಧವೇ?”

“ಅವನ ಕೊರಳಲ್ಲಿದ್ದದ್ದು ಡೆಮೊ ಪೀಸ್. ಒಳಗೆ ಏನೂ ಇಲ್ಲದ ಡಬ್ಬಿ. ಬೊಟ್ಟಿಲ್ಲದೆ ಅದನ್ನು ಪೊಲೀಸರ ಕೈಗೆ ಕೊಟ್ಟಿದ್ದರೆ, ಉಳಿದವಕ್ಕೆಲ್ಲ ಬೊಟ್ಟಿದೆ, ಇದಕ್ಕೇಕೆ ಇಲ್ಲ ಅಂತ ಯಾರಾದರೂ ಕೇಳುತ್ತಿದ್ದರು. ಆಮೇಲೆ ಡಬ್ಬಿ ಬಿಚ್ಚುತ್ತಿದ್ದರು. ಮಂತ್ರಿಗೆ ತೋರಿಸಿದ್ದು, ಪತ್ರಿಕೆಯಲ್ಲಿ ಬಂದದ್ದು, ಎಲ್ಲ ಈ ಡಬ್ಬಿಯೇ ಅಂತ ತಿಳಿಯುತ್ತಿತ್ತು.”

“ಇನ್‌ಸ್ಪೆಕ್ಟರ್ ಬಿಚ್ಚಿಲ್ಲ ಅಲ್ಲವೇ?”

“ಬಿಚ್ಚುವುದು ಬೇಡ, ಸಮಿತಿಯ ತಜ್ಞರೇ ಬಿಚ್ಚುತ್ತಾರೆ ಅಂತ ಪತ್ರ ಬರೆದವರು ನೀವು. ಸಮಿತಿಯ ಅಧ್ಯಕ್ಷರೂ ನೀವೇ.”

ಹರ್ಷದಾ ನೀರು ಕುಡಿದಳು. ಲೋಟವನ್ನು ಒರೆಸಿ ಅದರ ಜಾಗದಲ್ಲೇ ಇಟ್ಟಳು.

“ಸರಿ, ನಾನೇ ಇಟ್ಟೆ,” ಎಂದಳು. “ಕಾವಲಿನವರು ಅವನನ್ನು ಮೇಲೆ ಎಳೆದು ಹಾಕಿದಾಗ ಪೆಟ್ಟಿಗೆ ತೆಗೆದು ಸೆರಗಿನಲ್ಲಿ ಇಟ್ಟುಕೊಂಡೆ. ಇಲ್ಲಿಗೆ ಬಂದು ಬೊಟ್ಟು ಇಟ್ಟೆ. ಪೊಲೀಸರು ಬರುವುದರೊಳಗೆ ವಾಪಸು ಅವನ ಪಕ್ಕದಲ್ಲಿಟ್ಟೆ. ಇಷ್ಟು ಸಾಕೇ?”

“ಸತ್ತ ಹುಡುಗ ನೆಲದ ಮೇಲೆ ಬಿದ್ದಿದ್ದಾಗ ನೀವು ಕುಂಕುಮ ಹಚ್ಚುತ್ತ ಕೂತಿದ್ದಿರಿ.”

“ಅವನು ಹೋಗಿಯಾಗಿತ್ತು. ಉಳಿದ ಹುಡುಗರು ಇದ್ದಾರಲ್ಲ. ಇದು ಸರ್ಕಾರಿ ವಿಶ್ವವಿದ್ಯಾಲಯ. ಫೀಸು ಕಟ್ಟಲಾರದ ಮನೆಗಳಿಂದ ಬರುವ ಮಕ್ಕಳು. ಈ ಕೇಂದ್ರ ಮುಚ್ಚಿದರೆ ಅವರ ಕಡೆ ಯಾವ ಕಂಪನಿಯೂ ತಿರುಗಿ ನೋಡುವುದಿಲ್ಲ. ಒಬ್ಬಳು ಹುಡುಗಿಯ ಹೆಸರು ಕೆಟ್ಟರೆ ಕೆಡಲಿ ಅಂದುಕೊಂಡೆ. ನಿರ್ಲಕ್ಷ್ಯದ ಕೇಸು, ಜಾಮೀನು ಸಿಗುತ್ತದೆ.”

“ಅವಳ ಓದು?”

“ಅಂಗಡಿ ಇದೆಯಲ್ಲ. ಬೆಲ್ಲ ತೂಗುತ್ತಾಳೆ.”

ನನಗೆ ಬಂದ ಸಿಟ್ಟು ಹೇಳತೀರದು. ಆದರೆ ಸಿಟ್ಟಿಗಿಂತ ದೊಡ್ಡದು ಗೆಲುವಿನ ಖುಷಿ, ಅದನ್ನೂ ಮುಚ್ಚಿಡುವುದಿಲ್ಲ. ಚೀಲದಿಂದ ಫೋನ್ ತೆಗೆದು, ಅವಳಿಗೆ ಕಾಣುವ ಹಾಗೆ ರೆಕಾರ್ಡಿಂಗ್ ನಿಲ್ಲಿಸಿದೆ.

“ಇದು ಪೊಲೀಸ್ ಚೌಕಿಗೆ ಹೋಗುತ್ತದೆ. ರಿಮೋಟ್ ಎಲ್ಲಿಟ್ಟಿದ್ದೀರಿ, ಅದನ್ನೂ ಕೊಡಿ.”

ಹರ್ಷದಾ ಫೋನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಅವಳ ತುಟಿಯ ಮೇಲೆ ಒಂದು ನಗು ಬಂತು. ಆ ನಗು ನನಗೆ ಸರಿ ಕಾಣಲಿಲ್ಲ.

“ಬೊಟ್ಟು ಇಟ್ಟದ್ದನ್ನು ಕೇಳಿದಿರಿ. ಟ್ಯಾಂಕಿನ ಹತ್ತಿರ ನಾನು ಹೋದದ್ದು ಯಾಕೆ ಅಂತ ಕೇಳಲಿಲ್ಲ.”

“ಯಾಕೆ?”

“ಕೂಗು ಕೇಳಿತು. ಪಾರ್ಕಿಂಗಿನಲ್ಲಿದ್ದೆ. ಪೆಟ್ಟಿಗೆ ಕೂಗುತ್ತಿತ್ತು. ಒಂದೇ ಸಮನೆ ಅಲ್ಲ. ಕೂಗುವುದು, ನಿಲ್ಲುವುದು. ಕೂಗುವುದು, ನಿಲ್ಲುವುದು. ನಾನು ಹತ್ತಿರ ಹೋಗಿ ಬಗ್ಗಿ ನೋಡಿದಾಗಲೂ ಕೂಗುತ್ತಿತ್ತು, ಅವನು ಬೋರಲು ಬಿದ್ದಿದ್ದ. ಕಾವಲಿನವರನ್ನು ಕರೆದೆ. ಅವರು ಓಡಿ ಬರುವ ಸದ್ದಾದಾಗ ನಿಂತಿತು.”

ನಾನು ಫೋನನ್ನು ಮೇಜಿನ ಮೇಲೆ ಇಟ್ಟೆ.

“ಅದು ತಾನಾಗಿ ಕೂಗುವ ಪೆಟ್ಟಿಗೆಯಲ್ಲ,” ಎಂದಳು ಅವಳು. “ಯಾರೋ ಅಲ್ಲೇ ಮರೆಯಲ್ಲಿ ನಿಂತು ಒತ್ತುತ್ತಿದ್ದರು. ನನ್ನ ಹತ್ತಿರ ರಿಮೋಟ್ ಯಾವತ್ತೂ ಇರಲಿಲ್ಲ ಮಂಜರಿಬಾಯಿ. ಸನ್ನೆ ಮಾಡುವವಳು ನಾನು. ವೇದಿಕೆಯಲ್ಲಿ ಮಾತಾಡುವವನು ಅಭಿಲಾಷ. ಅವರ ತಂಡದಲ್ಲಿ ಇದ್ದದ್ದು ಇಬ್ಬರೇ. ಒತ್ತುತ್ತಿದ್ದವರು ಯಾರು, ನೀವೇ ಹೇಳಿ.”

ದುಪಟ್ಟಾದ ಅಂಚನ್ನು ಒತ್ತಿ, ಬಿಟ್ಟು, ಮತ್ತೆ ಒತ್ತುವ ಒಂದು ಹೆಬ್ಬೆರಳು ಕಣ್ಣ ಮುಂದೆ ಬಂತು. ರೆಕಾರ್ಡಿಂಗ್ ನಿಂತಿತ್ತು, ಈ ಮಾತು ಅದರಲ್ಲಿ ಇರಲಿಲ್ಲ.

* * *

ಚೌಕಿಯಲ್ಲಿ ಇನ್‌ಸ್ಪೆಕ್ಟರ್ ಹರ್ಷದಾಳ ಧ್ವನಿಯನ್ನು ಪೂರ್ತಿ ಕೇಳಿದ. ಚೀಲ ಹರಿದು, ಸ್ಕ್ರೂ ಬಿಚ್ಚಿ ಪೆಟ್ಟಿಗೆ ತೆರೆದ. ಒಂದು ಬ್ಯಾಟರಿ, ಒಂದು ಬಝರ್. ಅವನು ಪೆಟ್ಟಿಗೆಯನ್ನು ಎರಡು ಸಲ ತಿರುಗಿಸಿ ನೋಡಿ ಕೆಟ್ಟ ಮಾತೊಂದನ್ನು ಆಡಿದ.

“ಡೈರೆಕ್ಟರ್ ಬಾಯಿಯನ್ನು ಕರೆಸಬೇಕು,” ಎಂದ. “ಈ ಹುಡುಗಿ ಮಾಡಿದ ಪೆಟ್ಟಿಗೆಯೇ ಅಲ್ಲ ಇದು. ಹೇಳಿಕೆಗೆ ಸಹಿ ಹಾಕಿ ಕರಕೊಂಡು ಹೋಗಲಿ.”

ಚನ್ನಬಸವ್ವ ಇಷ್ಟು ದಿನ ತಡೆದಿಟ್ಟಿದ್ದ ಅಳುವನ್ನು ಅಲ್ಲೇ ಬಿಟ್ಟರು. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. “ನೀವು ದೇವರ ಬಂದಂಗ ಬಂದ್ರಿ. ಇವತ್ತ ಹೋಳಿಗಿ ಮಾಡ್ತೀನ್ರಿ, ನಮ್ಮ ಕೂಡ ಉಣ್ಣಬೇಕು.”

ನಾನು ಹೂಂ ಅಂದೆ.

ಶೈಲಶ್ರೀ ಮುಖ ತೊಳೆಯಲು ಹಿಂಬದಿಯ ನಲ್ಲಿಗೆ ಹೋದಳು. ನಾನೂ ಹೋದೆ. ನಲ್ಲಿ ಬಿಟ್ಟುಕೊಂಡು ನೀರನ್ನೇ ನೋಡುತ್ತ ನಿಂತಿದ್ದಳು. ಹೆಬ್ಬೆರಳು ಆಡುತ್ತಿತ್ತು.

ಕೇಳದೆ ಬಿಡಬಹುದಿತ್ತು. ಮಾತು ಕೊಟ್ಟ ಹಾಗೆ ಹುಡುಗಿಯನ್ನು ಮನೆಗೆ ಕಳಿಸಿ, ಹೋಳಿಗೆ ಉಂಡು ಬರಬಹುದಿತ್ತು. ನನ್ನ ಬುದ್ಧಿ ನೆಟ್ಟಗಿದ್ದರೆ ಹಾಗೇ ಮಾಡುತ್ತಿದ್ದೆ.

“ರಿಮೋಟ್ ನಿನ್ನ ಕೈಯಾಗ ಇತ್ತು,” ಎಂದೆ.

ಬೆರಳು ನಿಂತಿತು.

“ಹೌದ್ರಿ.”

“ಅಂವಾ ಬೀಳೂಕಿಂತ ಮೊದಲ ಒತ್ತಿದ್ಯೋ, ಬಿದ್ದ ಮ್ಯಾಲೋ?”

ಅವಳು ನಲ್ಲಿ ನಿಲ್ಲಿಸಿದಳು. ಅಳಲಿಲ್ಲ. ಯಾರಾದರೂ ಇದನ್ನು ಕೇಳಲಿ ಎಂದು ವಾರದಿಂದ ಕಾದಿದ್ದಳೋ ಏನೋ, ಮಾತು ತಾನಾಗಿ ಬಂತು.

“ವಿಡಿಯೋ ಬೇಕಾಗಿತ್ರಿ. ದಿಲ್ಲಿ ಸ್ಪರ್ಧಾಕ್ಕ ಕಳಸಲಿಕ್ಕೆ. ಲ್ಯಾಬಿನ್ಯಾಗ ತಗದದ್ದು ನಡ್ಯಂಗಿಲ್ಲ, ಖರೇ ಟ್ಯಾಂಕ್ ಬೇಕು ಅಂದ್ರು. ಅಂವಾ ಖರೇ ಪೆಟಗೀನ ಹಾಕ್ಕೊಂಡಿದ್ದಾ. ಮುಚ್ಚಳಾ ಸರಸೂದರಾಗನ ಅದು ಒದರಲಿಕ್ಕೆ ಸುರು ಮಾಡ್ತು.”

“ಒದರ್ತು?”

“ಭಾಳ ಜೋರ ಒದರ್ತುರಿ. ನಿಂದರವಲ್ದು. ಪೂಜಿ ದಿನಾ ಊದಬತ್ತಿಗೆ ಒದರಿತ್ತಲ್ಲ, ಇವತ್ತೂ ಸುಮ್ನ ಒದರಲಿಕತ್ತದ, ವಿಡಿಯೋ ಕೆಡತದ, ಅದನ್ನ ಬಂದ್ ಮಾಡಿ ಒಳಗ ಇಡು ಅಂದ್ರು. ನಾನ ಬಂದ್ ಮಾಡಿದೆ. ಡೆಮೊ ಪೀಸ್ ಅವನ ಕೊರಳಿಗೆ ನಾನ ಹಾಕಿದೆ.”

ಆ ಮಕ್ಕಳು ಕಟ್ಟಿದ ಪೆಟ್ಟಿಗೆ ತನ್ನ ಕೆಲಸ ಮಾಡಿತ್ತು. ಇಳಿಯಬೇಡ ಎಂದು ಅದು ಕಿರುಚಿತ್ತು. ವಿಡಿಯೋ ಕೆಡುತ್ತದೆ ಎಂದು ಅದರ ಬಾಯಿ ಮುಚ್ಚಿದ್ದರು.

“ಅಂವಾ ಇಳದಾ. ನಾ ಒತ್ತಿದೆ. ಮ್ಯಾಲ ನೋಡಿ ನಕ್ಕಾರಿ. ಎದಿ ಹಿಡಕೊಂಡು ಬೀಳೂ ಹಂಗ ಮಾಡೂದಿತ್ತು, ಆಮ್ಯಾಲ ಹತ್ತಿ ಬರೂದಿತ್ತು, ಹಂಗ ಬರಕೊಂಡಿದ್ವಿ. ಬಿದ್ದಂಗ ಮಾಡಿದಾ. ‘ಇನ್ನೊಂದ್ ಸಲ’ ಅಂದ್ರು. ನಾ ಮತ್ತ ಒತ್ತಿದೆ. ಅಂವಾ ಮತ್ತ ಬಿದ್ದಾ. ಎಷ್ಟ ಚೊಲೊ ಮಾಡಿದಾ ಅಂತ ನಾನೂ ನಕ್ಕೆ.”

ಅವಳು ದುಪಟ್ಟಾದ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು.

“ಏಳಲಿಲ್ರಿ. ನಾ ಒತ್ತೇ ಒತ್ತಿದೆ ಅಕ್ಕಾರ. ಸದ್ದ ಕೇಳಿ ಎದ್ದ ಬರತಾನ ಅಂತ ಒತ್ತಿದೆ. ಹರ್ಷದಾ ಮ್ಯಾಡಮ್ ಬರೂದ ನೋಡಿ ವಿಡಿಯೋ ಹಿಡದವರು ನನ್ನ ಮರದ ಹಿಂದ ಎಳಕೊಂಡ್ರು, ಅಲ್ಲಿಂದನೂ ಒತ್ತಿದೆ. ಆಮ್ಯಾಲ ರಿಮೋಟ್ ಕಸಗೊಂಡು, ಬಾಯಿ ಬಿಟ್ರ ನೀನ ಜೈಲಿಗೆ ಹೋಗ್ತಿ ಅಂದ್ರು.”

“ಯಾರು? ವಿಡಿಯೋ ಹಿಡದವರು ಯಾರು ಶೈಲಾ?”

ಕೇಳಬೇಕಾಗಿರಲಿಲ್ಲ. ‘ಇನ್ನೊಂದ್ ಸಲ’ ಎಂಬ ಮಾತನ್ನು ಮಧ್ಯಾಹ್ನವಷ್ಟೇ ಚಹಾದ ಗಾಡಿಯ ಮುಂದೆ ಕೇಳಿದ್ದೆ. ಸಂಜೆಯೊಳಗೆ ಏನೇನು ಮಾಡುತ್ತೇನೆ ಎಂದು ಅವನ ಮುಂದೆ ಜಂಬ ಕೊಚ್ಚಿ ಬಂದವಳು ನಾನೇ.

ಒಳಗಿನಿಂದ ಚನ್ನಬಸವ್ವ ಕರೆದರು. “ಶೈಲಾ, ಬಾರವ್ವ. ನಿಮ್ಮ ಸರ್ ಬಂದಾರ ನೋಡು.”

ನಾವು ಓಡಿಯೇ ಹೋದೆವು. ಅಶ್ವಿನ್ ಇನ್‌ಸ್ಪೆಕ್ಟರನ ಮೇಜಿನ ಮುಂದೆ ನಿಂತಿದ್ದ. ಬಿಳಿ ಶೂ ಫಳಫಳ ಹೊಳೆಯುತ್ತಿತ್ತು. ನನ್ನನ್ನು ನೋಡಿ ಮರ್ಯಾದೆಯಿಂದ ತಲೆ ಬಾಗಿಸಿದ.

“ಒಳ್ಳೇದಾಯ್ತು ಮ್ಯಾಮ್, ನೀವೂ ಇದ್ದೀರ. ಈ ವಿಡಿಯೋ ನನಗೆ ಯಾರೋ ಕಳಿಸಿದ್ದು. ನನ್ನ ಸ್ಟೂಡೆಂಟ್ ಅಂತ ಇಷ್ಟು ದಿನ ಸುಮ್ನಿದ್ದೆ. ಮನಸ್ಸು ಒಪ್ಪಲಿಲ್ಲ.”

ಇನ್‌ಸ್ಪೆಕ್ಟರ್ ಫೋನನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ್ದ. ಧ್ವನಿ ಇರಲಿಲ್ಲ, ಯಾರೋ ಅದನ್ನು ತೆಗೆದುಹಾಕಿದ್ದರು. ತೆರೆದ ಟ್ಯಾಂಕಿನ ಬಾಯಿ. ಕೆಳಗೆ ಕತ್ತಲಲ್ಲಿ ಬಿದ್ದ ಒಂದು ಮೈ. ಆಮೇಲೆ ಕ್ಯಾಮೆರಾ ಮೇಲಕ್ಕೆ ತಿರುಗಿತು. ಅಂಚಿನಲ್ಲಿ ಶೈಲಶ್ರೀ, ಕೈಯಲ್ಲಿ ರಿಮೋಟ್. ಒತ್ತುತ್ತಿದ್ದಳು, ಕೆಳಗೆ ನೋಡುತ್ತಿದ್ದಳು, ನಗುತ್ತಿದ್ದಳು. ಅಲ್ಲಿಗೇ ಕತ್ತರಿಸಿತ್ತು. ಮುಗಿದದ್ದೇ ಮತ್ತೆ ಮೊದಲಿನಿಂದ ಶುರುವಾಯಿತು.

ಇನ್‌ಸ್ಪೆಕ್ಟರ್ ಸಹಿಗೆ ಇಟ್ಟಿದ್ದ ಕಾಗದವನ್ನು ನಿಧಾನವಾಗಿ ತನ್ನ ಕಡೆಗೆ ಎಳೆದುಕೊಂಡ.

ಚನ್ನಬಸವ್ವ ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು, ಅದನ್ನು ಎರಡನೇ ಸಲ ಪೂರ್ತಿ ನೋಡಿದರು. ಆಮೇಲೆ ಮಗಳ ಕಡೆ ತಿರುಗಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅರ್ಥವಾಗದ್ದನ್ನು ಕೇಳುವ ಹಾಗೆ ಕೇಳಿದರು.

“ಶೈಲಾ, ಇದರಾಗ ನೀ ಯಾಕ ನಗಲಿಕತ್ತೀಯವ್ವ?”